ನೀರು ಸೋಸುವ ಪೊರೆ ನೀರಿನಲ್ಲೇ ಹುಟ್ಟಲಿ



ಶಾಲೆಗೊಂದು ನೀರು ಶುದ್ಧೀಕರಿಸುವ ಯಂತ್ರ ಬೇಕು ಅಂತ ಪಿ.ಟಿ.ಎ. ಸಭೆಯಲ್ಲಿ ತೀರ್ಮಾನ ಆಗುವುದು ಈಗ ಮಾಮೂಲಿ ವಿಷಯ. ಆಗ ನಾವು ಕೇಳುವ ಪ್ರಶ್ನೆಗಳೂ ಮಾಮೂಲಿಯೇ. ಗಂಟೆಗೆ ಎಷ್ಟು ಲೀಟರ್? ಗ್ಯಾರಂಟಿ ಎಷ್ಟು ವರ್ಷ? ಫಿಲ್ಟರ್ ಬದಲಿಸಲು ಎಷ್ಟು ಖರ್ಚು? ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಆ ಯಂತ್ರದ ಹೊಟ್ಟೆಯೊಳಗಿನ ತೆಳ್ಳನೆಯ ಪೊರೆಯನ್ನು ಯಾರು ತಯಾರಿಸಿದರು, ತಯಾರಿಸುವಾಗ ಏನನ್ನು ಮುಟ್ಟಿದರು, ಏನನ್ನು ಉಸಿರಾಡಿದರು ಅಂತ ಯಾರಾದರೂ ಕೇಳಿದ್ದನ್ನು ನಾನು ಈವರೆಗೆ ಕಂಡಿಲ್ಲ. ಈ ಬರಹ ಆ ಕೇಳದ ಪ್ರಶ್ನೆಯ ಬಗ್ಗೆ.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ನೀರು, ರಕ್ತ, ಔಷಧ ಸೋಸುವ ಪಾಲಿಮರ್ ಪೊರೆಗಳಲ್ಲಿ ಬಹುಪಾಲು ಇಂದಿಗೂ ತಯಾರಾಗುವುದು ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲ ದ್ರಾವಕಗಳಲ್ಲಿ. ಅವುಗಳಿಲ್ಲದೆ ತಯಾರಿಸುವ ದಾರಿಗಳೂ ಇವೆ. ಕೆಲವು ಐವತ್ತು ವರ್ಷ ಹಳೆಯವು, ಕೆಲವು ತೀರಾ ಇತ್ತೀಚಿನವು. ಆ ದಾರಿ ಹಿಡಿಯಲು ಖರ್ಚಾಗುತ್ತದೆ, ನಿಜ. ಆ ಖರ್ಚನ್ನು ಕೊಳ್ಳುವ ನಾವೂ ಸರಕಾರವೂ ಹೊರಬೇಕು. ಈಗ ಅದನ್ನು ಹೊರುತ್ತಿರುವುದು ಕಾರ್ಖಾನೆಯಲ್ಲಿ ದುಡಿಯುವವರ ಮೈ ಮತ್ತು ಕಾರ್ಖಾನೆಯ ಪಕ್ಕದ ತೋಡು.

ನಾನು ರಸಾಯನಶಾಸ್ತ್ರದಲ್ಲಿ ಪದವಿ ಪಡೆದವನಲ್ಲ. ಟಿ.ಸಿ.ಎಚ್. ಮುಗಿಸಿ, ಆಮೇಲೆ ಬಿ.ಎ. ಮಾಡಿಕೊಂಡು, ಯು.ಪಿ. ಮಕ್ಕಳಿಗೆ ದ್ರಾವ್ಯ, ದ್ರಾವಕ, ದ್ರಾವಣ ಅಂತ ಪಾಠ ಮಾಡುವವನು. ಹಾಗಾಗಿ ತರಗತಿಯಲ್ಲಿ ಹೇಳುವ ಹಾಗೆಯೇ ಹೇಳುತ್ತೇನೆ.

ಪೊರೆ ಹುಟ್ಟುವುದು ಹೇಗೆ?

ಗಟ್ಟಿ ವಸ್ತುವಿನ ಒಳಗೆಲ್ಲ ಸಣ್ಣ ಸಣ್ಣ ತೂತು ಇರುವುದೆಂದರೆ ಏನು ಅಂತ ಕಾಸರಗೋಡಿನವರಿಗೆ ವಿವರಿಸಬೇಕಾಗಿಲ್ಲ. ಮನೆ ಕಟ್ಟುವ ಮುರಕಲ್ಲನ್ನು ನೋಡಿದರೆ ಸಾಕು. ಮಳೆಗಾಲದ ನೀರು ಅದರ ತೂತುಗಳಲ್ಲಿ ಇಳಿದು ಗುಡ್ಡದೊಳಗೆ ಸೇರಿ ನಮ್ಮ ಸುರಂಗಗಳಲ್ಲಿ ಜಿನುಗುತ್ತದೆ. ಪಾಲಿಮರ್ ಪೊರೆಯೂ ಅಂಥದ್ದೇ. ಆದರೆ ತೂತು ಬಹಳ ಸಣ್ಣದು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಬ್ಯಾಕ್ಟೀರಿಯಾ ಸುಮಾರು ಒಂದು ಮೈಕ್ರಾನ್. ನೀರು ಸೋಸುವ ಅಲ್ಟ್ರಾಫಿಲ್ಟ್ರೇಶನ್ ಪೊರೆಯ ತೂತು ಸುಮಾರು ಒಂದು ಮೈಕ್ರಾನಿನ ನೂರನೇ ಒಂದು ಪಾಲು! ನೀರು ದಾಟುತ್ತದೆ, ರೋಗಾಣು ದಾಟುವುದಿಲ್ಲ.

ಇಷ್ಟು ಸಣ್ಣ ತೂತುಗಳನ್ನು ಸೂಜಿಯಿಂದ ಚುಚ್ಚಲು ಆಗುವುದಿಲ್ಲವಲ್ಲ? ಅವು ತಾವಾಗಿಯೇ ಹುಟ್ಟುವಂತೆ ಮಾಡಬೇಕು. ಅದರ ಉಪಾಯ ಸರಳ. ಪ್ಲಾಸ್ಟಿಕನ್ನು ಒಂದು ದ್ರಾವಕದಲ್ಲಿ ಕರಗಿಸಿ ದೋಸೆಹಿಟ್ಟಿನಂತೆ ಮಂದವಾದ ದ್ರಾವಣ ಮಾಡುತ್ತಾರೆ. ಅದನ್ನು ಬಟ್ಟೆಯ ಮೇಲೆ ತೆಳ್ಳಗೆ ಹರಡುತ್ತಾರೆ. ಹರಡಿದ್ದನ್ನು ಹಾಗೆಯೇ ನೀರಿನ ತೊಟ್ಟಿಗೆ ಇಳಿಸುತ್ತಾರೆ. ದ್ರಾವಕ ಓಡಿಹೋಗಿ ನೀರಿಗೆ ಸೇರುತ್ತದೆ, ನೀರು ಒಳಗೆ ನುಗ್ಗುತ್ತದೆ. ನೀರಿನಲ್ಲಿ ಕರಗದ ಪ್ಲಾಸ್ಟಿಕ್ ಗಟ್ಟಿಯಾಗುತ್ತದೆ. ಎಲ್ಲೆಲ್ಲಿ ನೀರೂ ದ್ರಾವಕವೂ ತುಂಬಿಕೊಂಡಿದ್ದವೋ ಅಲ್ಲೆಲ್ಲ ತೂತು ಉಳಿಯುತ್ತದೆ. ಕೆಲವೇ ಕ್ಷಣಗಳಲ್ಲಿ ಪೊರೆ ಸಿದ್ಧ.

ಈ ವಿದ್ಯೆಗೆ ದೊಡ್ಡ ಹೆಸರು ತಂದವರಲ್ಲಿ ಒಬ್ಬರು ಭಾರತ ಮೂಲದವರು ಅನ್ನುವುದು ನಮಗೆ ಹೆಮ್ಮೆಯ ವಿಷಯ. 1960ರ ಆಸುಪಾಸಿನಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ ಇಬ್ಬರೂ ಸೇರಿ ಉಪ್ಪುನೀರನ್ನು ಸಿಹಿನೀರು ಮಾಡಬಲ್ಲ ಪೊರೆ ತಯಾರಿಸಿದರು. 1965ರಲ್ಲಿ ಕ್ಯಾಲಿಫೋರ್ನಿಯಾದ ಕೊಲಿಂಗಾ ಎಂಬ ಸಣ್ಣ ಪಟ್ಟಣಕ್ಕೆ ಅಂಥ ಪೊರೆಯಿಂದ ಕುಡಿಯುವ ನೀರು ಸಿಕ್ಕಿತು. ಇಂದು ನಮ್ಮ ಪೇಟೆಗಳಲ್ಲಿ ಮಾರುವ ಆರ್.ಒ. ಯಂತ್ರಗಳೆಲ್ಲ ಆ ಕೆಲಸದ ಮೊಮ್ಮಕ್ಕಳು.

ಅವರು ಬಳಸಿದ ಪಾಲಿಮರ್ ಸೆಲ್ಯುಲೋಸ್ ಅಸಿಟೇಟ್. ಅದು ಅಸಿಟೋನಿನಲ್ಲಿ ಕರಗುತ್ತದೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಇರುವುದೂ ಅದೇ ಅಸಿಟೋನ್. ಬೆಂಕಿಗೆ ಹತ್ತಿರ ಇಡಬಾರದು ಅನ್ನುವುದನ್ನು ಬಿಟ್ಟರೆ ಅದು ಈ ಕುಟುಂಬದಲ್ಲಿ ಸಾಧು ಸ್ವಭಾವದ್ದು. ಆದರೆ ಸೆಲ್ಯುಲೋಸ್ ಅಸಿಟೇಟ್ ಆಮ್ಲ, ಕ್ಷಾರ ಎರಡನ್ನೂ ಹೆಚ್ಚು ತಡೆಯುವುದಿಲ್ಲ. ಬ್ಯಾಕ್ಟೀರಿಯಾಗಳಿಗೂ ಅದು ಆಹಾರ. 1960ರ ದಶಕದಲ್ಲಿ ಪಾಲಿಸಲ್ಫೋನ್ ಎಂಬ ಗಟ್ಟಿ ಪ್ಲಾಸ್ಟಿಕ್ ಬಂತು. ಬಿಸಿಗೂ ಜಗ್ಗುವುದಿಲ್ಲ, ಆಮ್ಲಕ್ಕೂ ಜಗ್ಗುವುದಿಲ್ಲ. ಆದರೆ ಜಗ್ಗದ ಪ್ಲಾಸ್ಟಿಕನ್ನು ಕರಗಿಸಲು ಜಬರ್ದಸ್ತಿನ ದ್ರಾವಕವೇ ಬೇಕು. ಆ ದ್ರಾವಕ ನೀರಿನಲ್ಲೂ ಚೆನ್ನಾಗಿ ಬೆರೆಯಬೇಕು. ಈ ಎರಡು ಷರತ್ತಿಗೆ ಒಪ್ಪುವ ದ್ರಾವಕಗಳು ಹೆಚ್ಚಿಲ್ಲ. ಹಾಗೆ ಒಪ್ಪಿ ಕಾರ್ಖಾನೆಯೊಳಗೆ ಬಂದು ಕೂತವು ಮೂರು: ಡಿ.ಎಂ.ಎಫ್., ಡಿ.ಎಂ.ಎ.ಸಿ. ಮತ್ತು ಎನ್.ಎಂ.ಪಿ. ಪೂರ್ತಿ ಹೆಸರು ಹೇಳಬೇಕೆಂದರೆ ಡೈಮಿಥೈಲ್ ಫಾರ್ಮಮೈಡ್, ಡೈಮಿಥೈಲ್ ಅಸಿಟಮೈಡ್, ಎನ್-ಮಿಥೈಲ್ ಪಿರೋಲಿಡೋನ್.

ಆರ್.ಒ. ಯಂತ್ರದ ಪೊರೆಯಲ್ಲಿ ಮೇಲಿನ ಅತಿ ತೆಳು ಪದರದ ಕೆಳಗೆ ಆಧಾರವಾಗಿ ಇರುವುದು ಸಾಮಾನ್ಯವಾಗಿ ಇಂಥ ಪಾಲಿಸಲ್ಫೋನ್ ಪೊರೆಯೇ. ಡಯಾಲಿಸಿಸ್ ಮಾಡುವಾಗ ರಕ್ತ ಹರಿಯುವ ಕೊಳವೆಯೊಳಗೆ ಕೂದಲಿನಂಥ ಸುಮಾರು ಹತ್ತು ಸಾವಿರ ಟೊಳ್ಳು ನೂಲುಗಳಿರುತ್ತವೆ. ಅವುಗಳೂ ಹೆಚ್ಚಿನವು ಇದೇ ಜಾತಿಯ ಪ್ಲಾಸ್ಟಿಕ್. ಈ ಪೊರೆಗಳು ಎಷ್ಟೋ ಜೀವ ಉಳಿಸಿವೆ. ಅದನ್ನು ಮರೆತು ಬರೆದರೆ ಅನ್ಯಾಯವಾದೀತು.

ದ್ರಾವಕ ಎಲ್ಲಿಗೆ ಹೋಯಿತು?

ಮಕ್ಕಳಿಗೆ ಒಂದು ಲೆಕ್ಕ ಕೊಡೋಣ. 100 ಕಿಲೋ ದ್ರಾವಣದಲ್ಲಿ 18 ಕಿಲೋ ಪಾಲಿಮರ್ ಇದೆ, ಉಳಿದದ್ದು ದ್ರಾವಕ. ಒಂದು ಕಿಲೋ ಪಾಲಿಮರಿಗೆ ದ್ರಾವಕ ಎಷ್ಟು? ಸುಮಾರು ನಾಲ್ಕೂವರೆ ಕಿಲೋ! ಇದು ಉತ್ಪ್ರೇಕ್ಷೆಯ ಲೆಕ್ಕವಲ್ಲ, ಸಾಮಾನ್ಯವಾಗಿ ದ್ರಾವಣದಲ್ಲಿ ಪಾಲಿಮರ್ ಇರುವುದು ನೂರಕ್ಕೆ 15ರಿಂದ 20 ಪಾಲು. ಪೊರೆಯಾಗಿ ಉಳಿಯುವುದು ಪಾಲಿಮರ್ ಮಾತ್ರ. ದ್ರಾವಕವೆಲ್ಲ ತೊಟ್ಟಿಯ ನೀರಿಗೆ. ಆಮೇಲೆ ಪೊರೆಯನ್ನು ಮತ್ತೆ ಮತ್ತೆ ತೊಳೆಯುವ ನೀರು ಬೇರೆ. ಪೊರೆ ಉದ್ಯಮದಿಂದ ಜಗತ್ತಿನಲ್ಲಿ ವರ್ಷಕ್ಕೆ 5,000 ಕೋಟಿ ಲೀಟರಿಗೂ ಹೆಚ್ಚು ಇಂಥ ತ್ಯಾಜ್ಯನೀರು ಹೊರಬೀಳುತ್ತದೆ ಅಂತ 2015ರಲ್ಲಿ 'ಗ್ರೀನ್ ಕೆಮಿಸ್ಟ್ರಿ' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಅಂದಾಜು ಮಾಡಿದೆ. ನೀರನ್ನು ಶುದ್ಧ ಮಾಡುವ ವಸ್ತು ತಯಾರಿಸಲು ಇಷ್ಟು ನೀರು ಕೆಡುತ್ತದೆ ಅಂದರೆ ನಗಬೇಕೋ ಅಳಬೇಕೋ!

"ದ್ರಾವಕವನ್ನು ಮರಳಿ ಪಡೆದು ಮತ್ತೆ ಬಳಸಬಹುದಲ್ಲ?" ಎಂದು ಜಾಣ ಹುಡುಗಿಯೊಬ್ಬಳು ಕೇಳಬಹುದು. ಬಳಸಬಹುದು, ದೊಡ್ಡ ಕಾರ್ಖಾನೆಗಳು ಬಳಸುತ್ತವೆ ಕೂಡ. ತೊಂದರೆ ಇರುವುದು ಕುದಿಯುವ ಬಿಂದುವಿನಲ್ಲಿ. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಡಿ.ಎಂ.ಎಫ್. ಕುದಿಯುವುದು 153ರಲ್ಲಿ, ಡಿ.ಎಂ.ಎ.ಸಿ. 165ರಲ್ಲಿ, ಎನ್.ಎಂ.ಪಿ. 202ರಲ್ಲಿ. ಅಂದರೆ ಬಟ್ಟಿ ಇಳಿಸುವಾಗ ಮೊದಲು ಆವಿಯಾಗುವುದು ನೀರು. ಸ್ವಲ್ಪ ದ್ರಾವಕಕ್ಕಾಗಿ ಇಡೀ ತೊಟ್ಟಿಯ ನೀರನ್ನು ಕುದಿಸಬೇಕು. ಕಟ್ಟಿಗೆಯ ಲೆಕ್ಕ ಗೊತ್ತಿರುವ ನಮ್ಮ ಅಮ್ಮಂದಿರಿಗೆ ಇದರ ಖರ್ಚು ಎಷ್ಟಾದೀತು ಅಂತ ಹೇಳಬೇಕಾಗಿಲ್ಲ. ಖರ್ಚು ಹೆಚ್ಚಾದ ಕಡೆ ಕಳ್ಳದಾರಿ ಹುಡುಕುವ ಆಸೆಯೂ ಹೆಚ್ಚು.

ಇನ್ನು ಕೆಲಸದವರ ವಿಷಯ. ಈ ಮೂರೂ ದ್ರಾವಕಗಳನ್ನು ಯುರೋಪಿಯನ್ ಒಕ್ಕೂಟ ಗರ್ಭಸ್ಥ ಶಿಶುವಿಗೆ ಹಾನಿ ಮಾಡಬಹುದಾದ ವಸ್ತುಗಳು ಅಂತ ವರ್ಗೀಕರಿಸಿದೆ. ಆವಿಯಾಗಿ ಮೂಗಿನಿಂದ ಒಳಗೆ ಹೋಗುತ್ತವೆ, ಚರ್ಮದ ಮೂಲಕವೂ ಹೋಗುತ್ತವೆ. ಸಾಮಾನ್ಯ ನೈಟ್ರೈಲ್ ಕೈಗವಸು ಹಾಕಿಕೊಂಡರೆ ಸಾಲದು, ಡಿ.ಎಂ.ಎಫ್., ಎನ್.ಎಂ.ಪಿ. ಅದನ್ನು ಬೇಗ ದಾಟುತ್ತವೆ. ಬ್ಯುಟೈಲ್ ರಬ್ಬರಿನ ಕೈಗವಸೇ ಬೇಕು. ಡಿ.ಎಂ.ಎಫ್. ಯಕೃತ್ತಿಗೂ ಪೆಟ್ಟು ಕೊಡುತ್ತದೆ. ಅದರೊಡನೆ ಕೆಲಸ ಮಾಡಿದವರು ಮದ್ಯ ಕುಡಿದರೆ ಮುಖ ಕೆಂಪೇರುವುದು ವೈದ್ಯರಿಗೆ ಗೊತ್ತಿರುವ ಒಂದು ಗುರುತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಅದನ್ನು 2ಎ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ ಗುಂಪಿಗೆ ಸೇರಿಸಿದೆ.

ಹಾಗಂತ ನೀರು ಕುಡಿಯುವವರು ಹೆದರಬೇಡಿ. ಪೊರೆಯನ್ನು ಚೆನ್ನಾಗಿ ತೊಳೆದೇ ಮಾರುತ್ತಾರೆ. ನಾನು ಹೇಳುತ್ತಿರುವುದು ಲೋಟದ ನೀರಿನ ಬಗ್ಗೆ ಅಲ್ಲ, ಪೊರೆ ಹುಟ್ಟಿದ ಜಾಗದ ಬಗ್ಗೆ.

ಯುರೋಪಿನಲ್ಲಿ ಕಾನೂನು ಬಿಗಿಯಾಗಿದೆ. 2020ರ ಮೇ ತಿಂಗಳಿನಿಂದ ಎನ್.ಎಂ.ಪಿ. ಬಳಸುವ ಕಡೆ ಕೆಲಸಗಾರರು ಉಸಿರಾಡುವ ಗಾಳಿಯಲ್ಲಿ ಅದು ಘನ ಮೀಟರಿಗೆ 14.4 ಮಿಲಿಗ್ರಾಂ ಮೀರಬಾರದು. 2023ರ ಡಿಸೆಂಬರಿನಿಂದ ಡಿ.ಎಂ.ಎಫ್. 6 ಮಿಲಿಗ್ರಾಂ ಮೀರಬಾರದು. 2025ರಲ್ಲಿ ಡಿ.ಎಂ.ಎ.ಸಿ.ಗೂ ಇಂಥದೇ ನಿಯಮ ಬಂತು. ಒಳ್ಳೆಯದೇ. ಆದರೆ ನನಗೊಂದು ಹೆದರಿಕೆ ಇದೆ. ಅಲ್ಲಿ ಬಿಗಿಯಾದದ್ದು ಇಲ್ಲಿ ಸಡಿಲವಾಗಿದ್ದರೆ ಕೆಲಸ ಸಡಿಲ ಇರುವ ಕಡೆಗೇ ಹರಿಯುತ್ತದೆ. ನೀರಿನ ಸ್ವಭಾವವೇ ಹಣಕ್ಕೂ ಇದೆ.

ನಮ್ಮೂರಿನವರಿಗೆ ಇದು ಬೇಗ ಅರ್ಥವಾಗಬೇಕು

ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ, ಬದಿಯಡ್ಕ, ಕಾರಡ್ಕ ಕಡೆಯ ಕನ್ನಡ ಶಾಲೆಗಳ ಮೇಷ್ಟ್ರುಗಳಿಗೆ 'ಗರ್ಭಸ್ಥ ಶಿಶುವಿಗೆ ಹಾನಿ' ಅನ್ನುವುದು ಪುಸ್ತಕದ ಮಾತಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಸುಪ್ರೀಂ ಕೋರ್ಟು ಅದರ ತಯಾರಿಕೆ, ಮಾರಾಟವನ್ನು ತಡೆದದ್ದು 2011ರ ಮೇ ತಿಂಗಳಿನಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು ಅಂತ ಅದೇ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. ಸಿಂಪಡಣೆ ಶುರುವಾದಾಗ ಹುಟ್ಟಿದ ಮಗುವಿಗೆ ಆ ಹೊತ್ತಿಗೆ ನಲವತ್ತರ ಹತ್ತಿರ ವಯಸ್ಸು.

ಎಂಡೋಸಲ್ಫಾನ್ ಬೇರೆ, ಈ ದ್ರಾವಕಗಳು ಬೇರೆ. ಒಂದು ಆಕಾಶದಿಂದ ಊರ ಮೇಲೆ ಬಿದ್ದದ್ದು, ಇನ್ನೊಂದು ಕಾರ್ಖಾನೆಯ ಗೋಡೆಯೊಳಗೆ ಇರುವುದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗುವುದು ಸರಿಯಲ್ಲ. ಆದರೆ ಒಂದು ಪಾಠ ಎರಡಕ್ಕೂ ಸೇರುತ್ತದೆ. ಹಾನಿ ಆಗಿದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡುವ ಭಾರ ಪೆಟ್ಟು ತಿಂದವರ ಮೇಲೆ ಬಿದ್ದರೆ ಒಂದು ತಲೆಮಾರೇ ಕಳೆದುಹೋಗುತ್ತದೆ. ಆದ್ದರಿಂದ ಬೇರೆ ದಾರಿ ಇದ್ದಾಗ ಮೊದಲೇ ಆ ದಾರಿ ಹಿಡಿಯುವುದು ಬುದ್ಧಿವಂತಿಕೆ.

ಬೇರೆ ದಾರಿ ಇದೆಯೇ?

ಇದೆ. ಒಂದಲ್ಲ, ನಾಲ್ಕಾರು ಇವೆ.

ಮೊದಲನೆಯದು ಎಳೆಯುವುದು. ಹಳೆಯ ಬನಿಯನನ್ನು ಎಳೆದರೆ ನೂಲಿನ ನಡುವೆ ಸಂದು ಕಾಣುತ್ತದಲ್ಲ, ಹಾಗೆ. ಪಾಲಿಪ್ರೊಪಿಲೀನ್ ಪ್ಲಾಸ್ಟಿಕನ್ನು ಬಿಸಿಯಲ್ಲಿ ಕರಗಿಸಿ ಹಾಳೆ ಮಾಡಿ, ಹದವಾಗಿ ಕಾಯಿಸಿ ಎಳೆಯುತ್ತಾರೆ. ಅದರೊಳಗಿನ ಹರಳುಪದರಗಳು ಒಂದಕ್ಕೊಂದು ದೂರ ಸರಿದು ಸೀಳು ಸೀಳಾದ ತೂತುಗಳು ಹುಟ್ಟುತ್ತವೆ. ದ್ರಾವಕದ ಹನಿಯೂ ಬೇಕಾಗಿಲ್ಲ. ಲಿಥಿಯಂ ಬ್ಯಾಟರಿಗಳಲ್ಲಿ ಎರಡು ಧ್ರುವಗಳ ನಡುವೆ ಇಡುವ ಹಾಳೆಗಳನ್ನು ಹೀಗೆಯೂ ಮಾಡುತ್ತಾರೆ. ಈ ಹೊತ್ತು ನಿಮ್ಮ ಕೈಯಲ್ಲಿರುವ ಮೊಬೈಲಿನೊಳಗೇ ಅಂಥದೊಂದು ಇದ್ದೀತು. ಕೊರತೆ ಏನೆಂದರೆ ಎಲ್ಲ ಪ್ಲಾಸ್ಟಿಕನ್ನೂ ಹೀಗೆ ಎಳೆಯಲು ಆಗುವುದಿಲ್ಲ, ತೂತಿನ ಗಾತ್ರವೂ ಬೇಕಾದಷ್ಟು ಸಣ್ಣದಾಗುವುದಿಲ್ಲ. ಪಾಲಿಪ್ರೊಪಿಲೀನಿಗೆ ನೀರು ಸುಲಭವಾಗಿ ಅಂಟುವುದೂ ಇಲ್ಲ.

ಎರಡನೆಯದು ಚುಚ್ಚುವುದು. ಸೂಜಿಯಿಂದ ಆಗುವುದಿಲ್ಲ ಅಂತ ಆಗಲೇ ಹೇಳಿದೆ. ಆದರೆ ಪರಮಾಣುವಿನಿಂದ ಆಗುತ್ತದೆ! ವೇಗವಾಗಿ ಹಾರುವ ಭಾರದ ಅಯಾನುಗಳನ್ನು ಪಾಲಿಕಾರ್ಬೊನೇಟ್ ಹಾಳೆಯ ಮೇಲೆ ಹಾಯಿಸುತ್ತಾರೆ. ಅವು ಹೋದ ಜಾಡನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಕೊರೆದು ದೊಡ್ಡದು ಮಾಡುತ್ತಾರೆ. ಎಲ್ಲ ತೂತುಗಳೂ ಒಂದೇ ಅಳತೆ, ನೇರ. ಪ್ರಯೋಗಾಲಯಗಳಲ್ಲಿ ಇದಕ್ಕೆ ಬಹಳ ಬೆಲೆ. ಆದರೆ ತೂತುಗಳ ಸಂಖ್ಯೆ ಕಡಿಮೆ, ಖರ್ಚು ಹೆಚ್ಚು. ಊರಿಗೆ ನೀರು ಕೊಡುವ ಕೆಲಸಕ್ಕೆ ಒಗ್ಗದು.

ಮೂರನೆಯದು ಬಿಸಿಮಾಡಿ ತಣಿಸುವುದು. ಸಕ್ಕರೆ ಪಾಕ ಬಿಸಿ ಇರುವಾಗ ತಿಳಿಯಾಗಿರುತ್ತದೆ, ತಣಿದಾಗ ಹರಳುಗಟ್ಟುತ್ತದೆ. ಹಾಗೆಯೇ ಪ್ಲಾಸ್ಟಿಕನ್ನು ಎಣ್ಣೆಯಂಥ ಒಂದು ದ್ರವದೊಡನೆ ಸುಮಾರು 200 ಡಿಗ್ರಿಯಲ್ಲಿ ಬೆರೆಸುತ್ತಾರೆ. ತಣಿದಾಗ ಎರಡೂ ಬೇರೆಯಾಗುತ್ತವೆ. ಆ ದ್ರವವನ್ನು ತೊಳೆದು ತೆಗೆದರೆ ಅದು ಇದ್ದ ಜಾಗ ತೂತು. ಈ ಕೆಲಸಕ್ಕೆ ಹಿಂದೆ ಥಾಲೇಟ್‌ಗಳನ್ನು ಬಳಸುತ್ತಿದ್ದರು. ಅವುಗಳಲ್ಲೂ ಕೆಲವು ಗರ್ಭಕ್ಕೆ ಹಾನಿಕರ ಅಂತ ಗೊತ್ತಾಯಿತು. ಈಗ ಸಿಟ್ರಿಕ್ ಆಮ್ಲದಿಂದ ತಯಾರಾದ ದ್ರವಗಳಿಂದಲೂ ಮಾಡಬಹುದು ಅಂತ ತೋರಿಸಿದ್ದಾರೆ. ಆದರೆ ತೊಳೆದು ತೆಗೆಯಲು ಮತ್ತೊಂದು ದ್ರಾವಕ ಬೇಕಾಗುತ್ತದೆ ಅನ್ನುವ ತಾಪತ್ರಯ ಉಳಿದೇ ಇದೆ.

ನಾಲ್ಕನೆಯದು ನನಗೆ ತುಂಬಾ ಇಷ್ಟವಾದದ್ದು. ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ವೀಬ್ ಡೆ ವೋಸ್ ಅವರ ತಂಡ ನೀರನ್ನೇ ದ್ರಾವಕ ಮಾಡಿಕೊಂಡಿತು. ಹೇಗೆ? ಹಾಲಿಗೆ ಲಿಂಬೆಹುಳಿ ಹಿಂಡಿ ನೋಡಿ. ಅಷ್ಟು ಹೊತ್ತು ನೀರಿನಲ್ಲಿ ಸುಮ್ಮನೆ ತೇಲಿಕೊಂಡಿದ್ದ ಪ್ರೊಟೀನು ಒಂದಕ್ಕೊಂದು ಅಂಟಿ ಗಡ್ಡೆಯಾಗುತ್ತದೆ. ನೀರು ಬದಲಾಗಲಿಲ್ಲ, ನೀರಿನ ಹುಳಿ ಬದಲಾಯಿತು. ಈ ತಂಡ ಮಾಡಿದ್ದೂ ಸರಿಸುಮಾರು ಹೀಗೆಯೇ. ನೀರಿನಲ್ಲಿ ಕರಗುವ ಎರಡು ಪಾಲಿಮರುಗಳು. ಒಂದಕ್ಕೆ ಋಣ ವಿದ್ಯುದಂಶ. ಇನ್ನೊಂದಕ್ಕೆ ಕ್ಷಾರೀಯ ನೀರಿನಲ್ಲಿ ವಿದ್ಯುದಂಶವೇ ಇಲ್ಲ, ಹುಳಿನೀರು ತಾಗಿದ ಕೂಡಲೇ ಧನ ವಿದ್ಯುದಂಶ ಬರುತ್ತದೆ. ಎರಡನ್ನೂ ಕ್ಷಾರೀಯ ನೀರಿನಲ್ಲಿ ಕರಗಿಸಿ, ತೆಳ್ಳಗೆ ಹರಡಿ, ಹುಳಿನೀರಿಗೆ ಇಳಿಸಿದರೆ ಋಣವೂ ಧನವೂ ತಬ್ಬಿಕೊಂಡು ಗಟ್ಟಿಯಾಗುತ್ತವೆ. ಪೊರೆ ಸಿದ್ಧ! ಹುಳಿಯ ಬದಲು ಉಪ್ಪಿನಿಂದಲೂ ಮಾಡಬಹುದು. ಹೆಚ್ಚು ಉಪ್ಪಿನ ನೀರಿನಲ್ಲಿ ಅಂಥ ಎರಡು ಪಾಲಿಮರುಗಳು ಬೇರೆ ಬೇರೆಯಾಗಿ ಇರುತ್ತವೆ, ಉಪ್ಪು ಕಡಿಮೆ ಇರುವ ನೀರಿಗೆ ಇಳಿಸಿದರೆ ಸೇರಿಕೊಳ್ಳುತ್ತವೆ. ಸೂಕ್ಷ್ಮಾಣು ತಡೆಯುವ ಪೊರೆಯಿಂದ ಹಿಡಿದು ಇನ್ನೂ ಸಣ್ಣ ಕಣಗಳನ್ನು ತಡೆಯುವ ಪೊರೆಯವರೆಗೆ ಹೀಗೆ ಮಾಡಿ ತೋರಿಸಿದ್ದಾರೆ.

ಇದರಲ್ಲೂ ಕೊರತೆ ಇದೆ, ಮುಚ್ಚಿಡುವುದಿಲ್ಲ. ಪೊರೆ ಗಟ್ಟಿಯಾಗಿ ನಿಲ್ಲಲಿ ಅಂತ ಕೆಲವು ಸಲ ಗ್ಲುಟರಾಲ್ಡಿಹೈಡ್ ಬಳಸಿದ್ದಾರೆ. ಆಸ್ಪತ್ರೆಗಳಲ್ಲಿ ಉಪಕರಣ ಶುದ್ಧ ಮಾಡಲು ಬಳಸುವ ಅದೇ ರಾಸಾಯನಿಕ. ಅದು ಉಸಿರಾಟಕ್ಕೆ ತೊಂದರೆ ಕೊಡುತ್ತದೆ. ಕಾರ್ಖಾನೆಯ ಮಟ್ಟಕ್ಕೆ ಬರಲು ಇನ್ನೂ ಕೆಲಸ ಆಗಬೇಕು. ಆದರೂ ಹಾಲು ಒಡೆಯುವಂಥ ಒಂದು ಸಂಗತಿಯಿಂದ ಪೊರೆ ಮಾಡಬಹುದು ಅಂತ ಯೋಚಿಸಿದವರಿಗೆ ನಮಸ್ಕಾರ ಹೇಳಲೇಬೇಕು.

'ಹಸಿರು' ಅಂತ ಬರೆದರೆ ಹಸಿರಾಗುವುದಿಲ್ಲ

ಐದನೆಯ ದಾರಿಯೊಂದಿದೆ. ಕೆಟ್ಟ ದ್ರಾವಕ ತೆಗೆದು ಅದರ ಜಾಗದಲ್ಲಿ ಒಳ್ಳೆಯದನ್ನು ಹಾಕುವುದು. ಕಾರ್ಖಾನೆಯವರಿಗೆ ಇದು ಸುಲಭ, ಯಂತ್ರ ಬದಲಿಸಬೇಕಾಗಿಲ್ಲ. ಮರ, ಹೊಟ್ಟು ಮುಂತಾದವುಗಳ ಸೆಲ್ಯುಲೋಸಿನಿಂದ ತಯಾರಾಗುವ ಸೈರೀನ್ ಎಂಬ ದ್ರಾವಕವಿದೆ. ನೈಲಾನ್ ತಯಾರಿಕೆಯ ಉಪಉತ್ಪನ್ನದಿಂದ ಬರುವ ಪೋಲಾರ್‌ಕ್ಲೀನ್ ಇದೆ. ಲ್ಯಾಕ್ಟಿಕ್ ಆಮ್ಲದಿಂದ ಬರುವ ಮಿಥೈಲ್ ಲ್ಯಾಕ್ಟೇಟ್ ಇದೆ. ಇವುಗಳಿಂದ ಒಳ್ಳೆಯ ಪೊರೆ ಬರುತ್ತದೆ ಅಂತ ಪ್ರಯೋಗಾಲಯಗಳಲ್ಲಿ ತೋರಿಸಿದ್ದಾರೆ.

ಸ್ವಾಗತ. ಆದರೆ ಎಚ್ಚರಿಕೆಯೊಂದಿಗೆ ಸ್ವಾಗತ. ಯಾಕೆಂದರೆ ಈ ದಾರಿಯಲ್ಲಿ ಹಿಂದೆ ಎಡವಿದ ಕಥೆ ಇದೆ. ಬಣ್ಣ ಕೀಳುವ ಕೆಲಸದಲ್ಲಿ ಮೆಥಿಲೀನ್ ಕ್ಲೋರೈಡ್ ಅಪಾಯಕಾರಿ ಅಂತ ಗೊತ್ತಾದಾಗ ಅದರ ಬದಲಿಗೆ 'ಸುರಕ್ಷಿತ' ಅಂತ ಬಂದವುಗಳಲ್ಲಿ ಇದೇ ಎನ್.ಎಂ.ಪಿ. ಒಂದು! ಎನ್.ಎಂ.ಪಿ. ಕೆಟ್ಟದ್ದು ಅಂದಾಗ ಅದರ ತಮ್ಮನಂಥ ಎನ್-ಈಥೈಲ್ ಪಿರೋಲಿಡೋನ್ ಬಂತು. ಕೊನೆಗೆ ಅದೂ ಅದೇ ಪಟ್ಟಿಗೆ ಸೇರಿತು, 2025ರ ಯುರೋಪಿನ ನಿಯಮದಲ್ಲಿ ಡಿ.ಎಂ.ಎ.ಸಿ. ಜೊತೆಗೆ ಅದರ ಹೆಸರೂ ಇದೆ. ಅಣ್ಣನನ್ನು ಹೊರಗೆ ಹಾಕಿ ತಮ್ಮನನ್ನು ಕರೆದು ಕೂರಿಸಿದ ಹಾಗಾಯಿತು. ಗಿಡಮರದಿಂದ ಬಂದದ್ದು ಎಂಬ ಕಾರಣಕ್ಕೇ ಒಂದು ವಸ್ತು ಒಳ್ಳೆಯದಾಗುವುದಿಲ್ಲ. ಕಾಸರಕದ ಕಾಯಿಯೂ ಮರದ್ದೇ ಅಲ್ಲವೇ?

ಆದ್ದರಿಂದ ನನ್ನ ಓಟು ಮೊದಲು ದ್ರಾವಕವೇ ಬೇಡದ ದಾರಿಗೆ, ಆಮೇಲೆ ನೀರಿನ ದಾರಿಗೆ, ಅದೂ ಆಗದ ಕಡೆ ಚೆನ್ನಾಗಿ ಪರೀಕ್ಷೆಯಾದ ಬದಲಿ ದ್ರಾವಕಕ್ಕೆ. ಎಲ್ಲ ಕೆಲಸಕ್ಕೂ ಒಂದೇ ಪೊರೆ ಸಾಲದು. ಡಯಾಲಿಸಿಸ್ಸಿನ ನೂಲನ್ನು ನಾಳೆಯೇ ಬದಲಿಸಿ ಅನ್ನುವುದು ಮೂರ್ಖತನ, ಅಲ್ಲಿ ರೋಗಿಯ ಜೀವದ ಪ್ರಶ್ನೆ. ಹಳೆಯ ದ್ರಾವಕ ಬಿಡಲಾಗದ ಕಡೆ ಮುಚ್ಚಿದ ಯಂತ್ರ, ಸರಿಯಾದ ಕೈಗವಸು, ಗಾಳಿಯ ಪರೀಕ್ಷೆ, ತೊಟ್ಟಿಯ ನೀರಿನಿಂದ ದ್ರಾವಕ ಮರಳಿ ಪಡೆಯುವ ವ್ಯವಸ್ಥೆ ಕಡ್ಡಾಯವಾಗಲಿ. ಆದರೆ 'ಕಷ್ಟ' ಅನ್ನುವ ಮಾತು 'ಬೇಡ' ಅನ್ನುವುದಕ್ಕೆ ನೆಪ ಆಗಬಾರದು.

"ಬಡವರಿಗೆ ಮೊದಲು ನೀರು ಸಿಗಲಿ ಮಾಷ್ಟ್ರೇ, ಆಮೇಲೆ ಇದೆಲ್ಲ" ಎನ್ನುವವರಿದ್ದಾರೆ. ಅವರ ಕಾಳಜಿ ಸುಳ್ಳಲ್ಲ. ಪೊರೆಯ ಬೆಲೆ ಏರಿದರೆ ಮೊದಲು ಕೈಬಿಡುವುದು ಬಡ ಶಾಲೆಯೇ. ಆದರೆ ಕಾರ್ಖಾನೆಯ ತೊಟ್ಟಿಯ ಪಕ್ಕ ನಿಂತಿರುವವನೂ ಬಡವನೇ ಅಲ್ಲವೇ? ಒಬ್ಬ ಬಡವನ ಮಗುವಿನ ನೀರಿಗೆ ಇನ್ನೊಬ್ಬ ಬಡವನ ಮಗು ಬೆಲೆ ತೆರಬೇಕು ಅನ್ನುವ ಲೆಕ್ಕ ಸರಿಯಲ್ಲ. ಆ ವ್ಯತ್ಯಾಸದ ಹಣವನ್ನು ಸರಕಾರ ತುಂಬಬೇಕು. ಸರಕಾರವೇ ದೊಡ್ಡ ಗಿರಾಕಿ. ಶಾಲೆ, ಆಸ್ಪತ್ರೆ, ಪಂಚಾಯತು ಎಲ್ಲದರ ಟೆಂಡರಿನಲ್ಲಿ ಎರಡು ಸಾಲು ಸೇರಿಸಲಿ: ಈ ಪೊರೆ ತಯಾರಿಸಲು ಬಳಸಿದ ದ್ರಾವಕ ಯಾವುದು? ಅದರಲ್ಲಿ ಎಷ್ಟನ್ನು ಮರಳಿ ಪಡೆದಿರಿ? ಉತ್ತರ ಕೊಡಬೇಕಾಗಿ ಬಂದರೆ ಕಂಪನಿಗಳೇ ದಾರಿ ಹುಡುಕುತ್ತವೆ. ಭಾವನಗರದ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ, ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ ಮೊದಲಾದ ಕಡೆ ನೀರಿನ ಪೊರೆಯ ಬಗ್ಗೆ ನಮ್ಮವರು ಬಹಳ ಕಾಲದಿಂದ ಕೆಲಸ ಮಾಡಿದ್ದಾರೆ. ನಮ್ಮಲ್ಲಿ ಬುದ್ಧಿಗೆ ಬರಗಾಲ ಇಲ್ಲ.

ಕನ್ನಡ ಶಾಲೆಯಲ್ಲಿ ನಾವೇನು ಮಾಡಬಹುದು?

ಇದನ್ನೆಲ್ಲ ಇಲ್ಲಿ ಯಾಕೆ ಬರೆದೆ ಅಂದರೆ ನಮ್ಮ ಮಕ್ಕಳಿಗಾಗಿ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳಲ್ಲಿ ಎಲ್ಲರೂ ಡಾಕ್ಟರು, ಇಂಜಿನಿಯರು ಆಗುವುದಿಲ್ಲ. ಎಷ್ಟೋ ಮಕ್ಕಳು ಬೈಕಂಪಾಡಿಗೋ ಪೀಣ್ಯಕ್ಕೋ ಕೊಚ್ಚಿಗೋ ಹೋಗಿ ಯಾವುದಾದರೂ ಕಾರ್ಖಾನೆಯಲ್ಲಿ ನಿಲ್ಲುತ್ತಾರೆ. ಡ್ರಮ್ಮಿನ ಮೇಲೆ ಬರೆದದ್ದು ಕನ್ನಡದಲ್ಲಿ ಇರುವುದಿಲ್ಲ. ಓದಲು ಬಾರದ್ದರಿಂದ ಮೈ ಕೆಡಬಾರದು.

ಒಂದು ಚಿತ್ರ ಕಲಿಸಿ. ಕೆಂಪು ಗೆರೆಯ ವಜ್ರಾಕಾರದ ಚೌಕ, ಅದರೊಳಗೆ ಮನುಷ್ಯನ ಕಪ್ಪು ಆಕೃತಿ, ಎದೆಯ ಮೇಲೆ ಬಿಳಿ ನಕ್ಷತ್ರದಂಥ ಒಡಕು. ಇದು ಬಹಳ ದೇಶಗಳು ಒಪ್ಪಿಕೊಂಡ ಗುರುತು. ದೇಹದ ಒಳಗೆ ದೀರ್ಘಕಾಲದ ಹಾನಿ ಮಾಡಬಲ್ಲ ವಸ್ತು ಅಂತ ಅದರ ಅರ್ಥ. ಅದರ ಜೊತೆಗೆ ಎಚ್ 360 ಅಂತ ಇದ್ದರೆ ಸಂತಾನಶಕ್ತಿಗೆ ಅಥವಾ ಗರ್ಭದ ಮಗುವಿಗೆ ಹಾನಿ ಆಗಬಹುದು ಅಂತ ಅರ್ಥ. ಈ ಚಿತ್ರವನ್ನೂ ಸಂಖ್ಯೆಯನ್ನೂ ಏಳನೇ ತರಗತಿಯ ಮಗು ಒಂದು ಪಿರಿಯಡಿನಲ್ಲಿ ಕಲಿಯುತ್ತದೆ. ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ.

ಪ್ರಯೋಗಗಳನ್ನೂ ಮಾಡಿಸಿ. ಮೊಟ್ಟೆಯನ್ನು ವಿನೆಗರಿನಲ್ಲಿ ಎರಡು ದಿನ ಇಟ್ಟರೆ ಸಿಪ್ಪೆ ಕರಗಿ ಪೊರೆ ಉಳಿಯುತ್ತದೆ. ನೀರಿಗೆ ಹಾಕಿದರೆ ಉಬ್ಬುತ್ತದೆ, ಸಕ್ಕರೆ ಪಾಕಕ್ಕೆ ಹಾಕಿದರೆ ಬತ್ತುತ್ತದೆ. ಪೊರೆ ಅಂದರೆ ಏನು ಅಂತ ಕಣ್ಣಿಗೇ ಕಾಣುತ್ತದೆ. ಹಾಲಿಗೆ ಲಿಂಬೆ ಹಿಂಡಿಸಿ, ನೀರಿನಲ್ಲೇ ವಸ್ತು ಗಟ್ಟಿಯಾಗುವುದನ್ನು ತೋರಿಸಿ. ಥರ್ಮೋಕೋಲನ್ನು ಅಸಿಟೋನಿಗೆ ಹಾಕಿ ಮಾಯ ಮಾಡುವ ಆಟ ವಿಜ್ಞಾನ ಮೇಳಗಳಲ್ಲಿ ಎಲ್ಲರಿಗೂ ಇಷ್ಟ. ಅದನ್ನು ದೊಡ್ಡವರೇ, ಕಿಟಕಿ ತೆರೆದಿಟ್ಟು, ಬೆಂಕಿಯಿಂದ ದೂರ ಮಾಡಬೇಕು. ಮಕ್ಕಳು ಚಪ್ಪಾಳೆ ತಟ್ಟಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿ: ಥರ್ಮೋಕೋಲ್ ಕರಗಿದ್ದನ್ನು ನೋಡಿದಿರಿ, ಅಸಿಟೋನ್ ಈಗ ಎಲ್ಲಿಗೆ ಹೋಗುತ್ತಿದೆ? ಪಾಠಪುಸ್ತಕ ದ್ರಾವ್ಯ ಏನಾಯಿತು ಅಂತ ಕೇಳುತ್ತದೆ. ದ್ರಾವಕ ಏನಾಯಿತು ಅಂತ ನಾವು ಕೇಳಿಸೋಣ.

ಮುಂದಿನ ಪಿ.ಟಿ.ಎ. ಸಭೆಯಲ್ಲಿ ಯಂತ್ರ ಕೊಳ್ಳುವ ಮಾತು ಬಂದರೆ ಆ ಎರಡು ಪ್ರಶ್ನೆಗಳನ್ನು ಕಾಗದದಲ್ಲಿ ಬರೆದು ಕಂಪನಿಗೆ ಕಳಿಸಿ. ಅಂಗಡಿಯವನಿಗೆ ಗೊತ್ತಿರಲಿಕ್ಕಿಲ್ಲ, ಅವನ ಮೇಲೆ ಸಿಟ್ಟು ಮಾಡಬೇಡಿ. ಉತ್ತರ ಬಂದರೆ ಮಕ್ಕಳಿಗೆ ಓದಿ ಹೇಳಿ. ಬಾರದಿದ್ದರೆ ಅದನ್ನೂ ಹೇಳಿ. ನಿಮ್ಮ ಶಾಲೆಗೆ ಏನು ಉತ್ತರ ಬಂತು ಅಂತ ನನಗೂ ಬರೆದು ತಿಳಿಸಿ. ನಮ್ಮ ಶಾಲೆಯ ಕಾಗದ ಈ ವಾರವೇ ಅಂಚೆಗೆ ಹೋಗುತ್ತದೆ.